ನಮ್ಮ ತಂದೆ ಓದಿದ ಶಾಲೆ

ಕೆಲವು ತಿಂಗಳ ಹಿಂದೆ ನನ್ನ ಮೊಮ್ಮಗಳೊಡನೆ ಬೆಂಗಳೂರಿನ ಮೆಟ್ರೊ ರೈಲಿನಲ್ಲಿ ಹೋಗುತ್ತಿದ್ದೆ. ರೈಲು ನೆಲದೊಳಗಿನ ಸುರಂಗದಲ್ಲಿ ಸಾಗುತ್ತಿರುವಾಗ ಮುಂದಿನ ನಿಲ್ದಾಣದ ಹೆಸರನ್ನು ದನಿಯೊಂದು ಸಾರಿತು: 'ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣ, ಸೆಂಟ್ರಲ್ ಕಾಲೇಜು.' ಮೂರನೆಯ ತರಗತಿಯಲ್ಲಿ ಓದುತ್ತಿರುವ ಹುಡುಗಿ ತಟ್ಟನೆ ಕೇಳಿದಳು: "ತಾತ, ಇದು ನೀನು ಓದಿದ ಕಾಲೇಜಾ?"

"ಅಲ್ಲಮ್ಮ, ನಿನ್ನ ಮುತ್ತಾತ ಓದಿದ್ದು" ಎಂದುಬಿಟ್ಟೆ.

ಹೇಳಿದ ಮೇಲೆ ನನಗೇ ಸಂಕೋಚವಾಯಿತು. ಏಕೆಂದರೆ ನಮ್ಮ ತಂದೆಯವರ ಹೆಸರು ಆ ಕಾಲೇಜಿನ ಹಾಜರಿ ಪುಸ್ತಕದಲ್ಲಿ ಎಂದೂ ಇರಲಿಲ್ಲ. ಇದ್ದದ್ದು ಸಂಬಳದ ಪಟ್ಟಿಯಲ್ಲಿ. 1948ರಿಂದ 1983ರವರೆಗೆ, ಮೂವತ್ತೈದು ವರ್ಷಗಳ ಕಾಲ, ಅವರು ಅಲ್ಲಿ ಭೌತಶಾಸ್ತ್ರ ಪ್ರಯೋಗಶಾಲೆಯ ಅಟೆಂಡರ್ ಆಗಿದ್ದರು. ಆದರೂ ಮೊಮ್ಮಗಳಿಗೆ ಹೇಳಿದ ಮಾತನ್ನು ತಿದ್ದಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಅದು ಸುಳ್ಳಲ್ಲ ಎಂದು ನಾನು ಏಕೆ ನಂಬಿದ್ದೇನೆ ಎಂಬುದನ್ನು ಇಂದು ತಮ್ಮೆದುರು ನಿವೇದಿಸಿಕೊಳ್ಳುವ ಆಸೆ.

ಬೆಂಗಳೂರಿನ ಹಿರಿಯರಿಗೆ ಆ ಕಟ್ಟಡವನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ಮೈಸೂರು ಬ್ಯಾಂಕಿನ ವೃತ್ತದಿಂದ ನಾಲ್ಕು ಹೆಜ್ಜೆ ನಡೆದರೆ ಅರಮನೆ ರಸ್ತೆಯ ಬದಿಯಲ್ಲಿ ಆ ಹಳೆಯ ಕಲ್ಲಿನ ಕಟ್ಟಡ, ಅದರ ನೆತ್ತಿಯ ಮೇಲೆ ಗಡಿಯಾರದ ಗೋಪುರ. ಅದನ್ನು ನಾವೆಲ್ಲ ಕಾಲೇಜೆಂದೇ ಬಲ್ಲೆವು. ಆದರೆ ಅದು ಹುಟ್ಟಿದ್ದು ಶಾಲೆಯಾಗಿ. 1858ರಲ್ಲಿ, ಮೈಸೂರು ಸೀಮೆ ಬ್ರಿಟಿಷ್ ಕಮಿಷನರ ಆಡಳಿತದಲ್ಲಿದ್ದ ಕಾಲದಲ್ಲಿ, 'ಬೆಂಗಳೂರು ಹೈಸ್ಕೂಲ್' ಎಂಬ ಹೆಸರಿನಿಂದ ಅದು ಆರಂಭವಾಯಿತು. ಅದಕ್ಕೆ ಒಂದೇ ವರ್ಷ ಮೊದಲು, 1857ರಲ್ಲಿ, ಮದ್ರಾಸು ವಿಶ್ವವಿದ್ಯಾನಿಲಯ ಸ್ಥಾಪಿತವಾಗಿತ್ತು. ಅಲ್ಲಿಯ ಪ್ರವೇಶ ಪರೀಕ್ಷೆಗೆ ಇಲ್ಲಿಯ ಹುಡುಗರನ್ನು ಅಣಿಗೊಳಿಸುವುದಕ್ಕೆ ಇಂಥದೊಂದು ಶಾಲೆ ಬೇಕಾಗಿತ್ತು. ವೆಸ್ಲಿಯನ್ ಮಿಷನ್ನಿನಲ್ಲಿದ್ದು ಕನ್ನಡ ಮುದ್ರಣದ ಕೆಲಸದಲ್ಲಿಯೂ ತೊಡಗಿದ್ದ ಜಾನ್ ಗ್ಯಾರೆಟ್ ಅದರ ಮೊದಲ ಮುಖ್ಯಸ್ಥರು. 1875ರಲ್ಲಿ ಶಾಲೆ ಬೆಳೆದು ಸೆಂಟ್ರಲ್ ಕಾಲೇಜಾಯಿತು. ಮನೆಪಾಠ ಹೇಳಿ ಹೊಟ್ಟೆ ಹೊರೆದುಕೊಂಡು ಓದಿದ ಮುದ್ದೇನಹಳ್ಳಿಯ ಹುಡುಗ ವಿಶ್ವೇಶ್ವರಯ್ಯ 1881ರಲ್ಲಿ ಬಿ.ಎ. ಮುಗಿಸಿದ್ದು ಇಲ್ಲಿ. ರಾಜಾಜಿಯವರು ಪದವಿ ಪಡೆದದ್ದೂ ಇಲ್ಲಿಯೇ. ಇಂದು ಸುರಂಗದ ನಿಲ್ದಾಣದ ಹೆಸರಿನಲ್ಲಿ ಆ ವಿದ್ಯಾರ್ಥಿಯೂ ಅವನ ಕಾಲೇಜೂ ಒಟ್ಟಿಗೆ ಸೇರಿಕೊಂಡಿರುವುದು ನನಗೆ ಸಂತೋಷದ ಸಂಗತಿ.

ಆದರೆ ನಾನು ಹೇಳಹೊರಟಿರುವುದು ಹೆಸರಾಂತ ವಿದ್ಯಾರ್ಥಿಗಳ ಕಥೆಯನ್ನಲ್ಲ.

ನಮ್ಮ ಮನೆ ಬಳೇಪೇಟೆಯ ಒಂದು ವಠಾರದಲ್ಲಿತ್ತು. ಎರಡು ಕೋಣೆ, ಹೊರಗೆ ಎಲ್ಲರಿಗೂ ಸೇರಿದ ನಲ್ಲಿ. ತಂದೆಯವರು ಬೆಳಗ್ಗೆ ಎಂಟಕ್ಕೆ ಮುಂಚೆಯೇ ಬೀಗದ ಕೈಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದೇ ಹೊರಡುತ್ತಿದ್ದರು. ಆ ಕೈಗೊಂಚಲಿನ ಸದ್ದು ಕೇಳಿ ವಠಾರದ ಹೆಂಗಸರು ಹೊತ್ತನ್ನು ತಿಳಿಯುತ್ತಿದ್ದರು. ಪ್ರಯೋಗಶಾಲೆಯ ಬಾಗಿಲು ತೆಗೆಯುವುದು, ಉಪಕರಣಗಳನ್ನು ಒರೆಸಿ ಮೇಜಿನ ಮೇಲಿಡುವುದು, ಬ್ಯಾಟರಿಗಳನ್ನು ನೋಡಿಕೊಳ್ಳುವುದು, ಬೆಳಕಿನ ಪ್ರಯೋಗವಿದ್ದರೆ ಕಿಟಕಿಗಳಿಗೆ ಕಪ್ಪು ಪರದೆ ಎಳೆಯುವುದು, ಸಂಜೆ ಎಲ್ಲವನ್ನೂ ಎಣಿಸಿ ಕಪಾಟಿಗೆ ಸೇರಿಸುವುದು ಅವರ ಕೆಲಸ. ಅವರು ಓದಿದ್ದು ಊರಿನ ಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ. ಇಂಗ್ಲಿಷ್ ಅಕ್ಷರಗಳನ್ನು ಕಲಿತದ್ದು ಉಪಕರಣಗಳ ಪೆಟ್ಟಿಗೆಗಳ ಮೇಲಿನ ಬರಹವನ್ನು ನೋಡಿ ನೋಡಿ.

ಉಪನ್ಯಾಸದ ಕೊಠಡಿಯಲ್ಲಿ ಪ್ರಯೋಗವನ್ನು ತೋರಿಸುವ ದಿನ ಅಟೆಂಡರ್ ಹತ್ತಿರದಲ್ಲಿರಬೇಕು. ದೀಪ ಆರಿಸು ಎಂದರೆ ಆರಿಸಬೇಕು, ಹಚ್ಚು ಎಂದರೆ ಹಚ್ಚಬೇಕು. ಮೊದಲ ಕೆಲವು ವರ್ಷ ತಂದೆಯವರು ಬಾಗಿಲ ಹೊರಗೆ ನಿಂತೇ ಕಾಯುತ್ತಿದ್ದರಂತೆ. ಒಂದು ದಿನ ಅಧ್ಯಾಪಕರೊಬ್ಬರು, "ಹೊರಗೇಕೆ ನಿಲ್ಲುತ್ತೀಯ, ಒಳಗೆ ಬಂದು ಕೂತುಕೋ" ಎಂದು ಪ್ರಯೋಗಶಾಲೆಯ ಮರದ ಸ್ಟೂಲೊಂದನ್ನು ತರಿಸಿ ಬಾಗಿಲ ಒಳಬದಿಗೆ ಹಾಕಿಸಿದರು. ಅಂದಿನಿಂದ ಅದು ಅವರ ಜಾಗವಾಯಿತು. ಆ ಅಧ್ಯಾಪಕರು ನಿವೃತ್ತರಾದರು, ಬೇರೆಯವರು ಬಂದರು. ಸ್ಟೂಲನ್ನು ಮಾತ್ರ ಯಾರೂ ತೆಗೆಯಲಿಲ್ಲ. ಪ್ರತಿವರ್ಷ ಅದೇ ಪಾಠ, ಅದೇ ಪ್ರಯೋಗ. ವಿದ್ಯಾರ್ಥಿಗಳು ಒಮ್ಮೆ ಕೇಳಿ ಹೋಗುತ್ತಿದ್ದುದನ್ನು ನಮ್ಮ ತಂದೆ ಮೂವತ್ತು ಬಾರಿ ಕೇಳಿದರು.

ನನಗೆ ಒಂಬತ್ತು ವರ್ಷವಾಗಿದ್ದಾಗ, 1968ರ ಬೇಸಿಗೆಯ ರಜೆಯಲ್ಲಿ, ಒಂದು ದಿನ ನನ್ನನ್ನು ಜೊತೆಗೆ ಕರೆದುಕೊಂಡು ಹೋದರು. ಕೊಠಡಿಯನ್ನು ಕತ್ತಲು ಮಾಡಿ ಸೋಡಿಯಂ ದೀಪವನ್ನು ಹೊತ್ತಿಸಿದರು. ಅದು ಮೊದಲು ಕೆಂಪಗೆ ಉರಿಯಿತು. "ತಾಳು, ಅದಕ್ಕೆ ಇನ್ನೂ ನಿದ್ದೆ ಬಿಟ್ಟಿಲ್ಲ" ಎಂದರು. ಕೆಲವು ನಿಮಿಷಗಳಲ್ಲಿ ಕೋಣೆಯೆಲ್ಲ ಹಳದಿಯಾಯಿತು. ನನ್ನ ಕೆಂಪು ಅಂಗಿ ಕಪ್ಪಾಗಿ ಕಂಡಿತು. ಬೆಳಕನ್ನು ಬಿಡಿಸಿ ತೋರಿಸುವ ಯಂತ್ರದ ಕೊಳವೆಗೆ ನನ್ನ ಕಣ್ಣನ್ನು ಹೊಂದಿಸಿ, "ಏನು ಕಾಣುತ್ತೆ?" ಎಂದರು.

"ಹಳದಿ ಗೆರೆ."

"ಎಷ್ಟು?"

"ಒಂದು."

"ಸರಿಯಾಗಿ ನೋಡು, ಅವಸರ ಬೇಡ."

ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದರು. ಒಂದಾಗಿದ್ದದ್ದು ಎರಡಾಯಿತು. ಒಂದರ ಪಕ್ಕದಲ್ಲಿ ಒಂದು, ನಡುವೆ ಕತ್ತಲೆಯ ಸಣ್ಣ ಸಂದು. "ಉಪ್ಪನ್ನು ಒಲೆಗೆ ಹಾಕಿದರೆ ಉರಿ ಹಳದಿಯಾಗುತ್ತಲ್ಲ, ಆ ಹಳದಿಯೇ ಇದು. ಎಲ್ಲರೂ ಒಂದೇ ಅಂದುಕೊಂಡಿರುತ್ತಾರೆ" ಎಂದರು. ನಾನು ಮುಂದೆ ಕನ್ನಡ ಎಂ.ಎ. ಮಾಡಿ, ಬದುಕೆಲ್ಲ ಹಳಗನ್ನಡ ಕಾವ್ಯವನ್ನು ಪಾಠ ಹೇಳಿದವನು. ಒಂದು ಪದ್ಯದ ಮುಂದೆ ಅವಸರವಿಲ್ಲದೆ ಕುಳಿತುಕೊಳ್ಳುವುದನ್ನು ಮೊದಲು ಕಲಿತದ್ದು ಆ ಕತ್ತಲೆಯ ಕೋಣೆಯಲ್ಲಿ ಎಂದು ಹೇಳಿದರೆ ಅತಿಶಯೋಕ್ತಿಯಲ್ಲ.

ತಂದೆಯವರಿಗೆ ಆ ವಿಭಾಗದ ಬಗ್ಗೆ ಒಂದು ಹೆಮ್ಮೆಯಿತ್ತು. ಸಿ.ವಿ. ರಾಮನ್ ಅವರು ತಮ್ಮ ಹೆಸರಿನ ಪರಿಣಾಮವನ್ನು ಕಲ್ಕತ್ತೆಯಲ್ಲಿ ಕಂಡದ್ದು 1928ರ ಫೆಬ್ರವರಿ 28ರಂದು. ಅದಾದ ಮೂರು ವಾರದೊಳಗೆ, ಮಾರ್ಚ್ 16ರಂದು, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ 'ಹೊಸದೊಂದು ವಿಕಿರಣ' ಎಂಬ ವಿಷಯವಾಗಿ ಅವರು ವಿವರವಾದ ಉಪನ್ಯಾಸ ಮಾಡಿದ್ದು ಸೆಂಟ್ರಲ್ ಕಾಲೇಜಿನಲ್ಲಿ. ನಮ್ಮ ತಂದೆ ಆಗ ಮೂರು ವರ್ಷದ ಮಗು. ತಮಗಿಂತ ಹಿರಿಯ ಅಟೆಂಡರೊಬ್ಬರಿಂದ ಅದನ್ನು ಕೇಳಿದ್ದರು. "ಆ ಬೆಳಕು ಕಲ್ಕತ್ತೆಯಲ್ಲಿ ಮುಖ ತೋರಿಸಿತು, ನಮ್ಮಲ್ಲಿಗೆ ಬಂದು ಹೆಸರು ಹೇಳಿತು" ಎಂದು ವಠಾರದ ಜಗಲಿಯ ಮೇಲೆ ಕುಳಿತು ಹೇಳುತ್ತಿದ್ದರು. 'ನಮ್ಮಲ್ಲಿಗೆ' ಎಂಬ ಮಾತನ್ನು ಅವರು ಆಡುತ್ತಿದ್ದ ರೀತಿ ನನಗೆ ಇಂದಿಗೂ ನೆನಪಿದೆ.

ಒಂದು ಶಾಲೆ ಕಾಲಾಂತರದಲ್ಲಿ ಎಷ್ಟು ಕೆಲಸಗಳಿಗೆ ಒದಗಬಹುದೆಂಬುದನ್ನು ಈ ಕಟ್ಟಡವನ್ನು ನೋಡಿ ತಿಳಿಯಬೇಕು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಸಾಹಿತ್ಯ, ತತ್ತ್ವಶಾಸ್ತ್ರ ಮೊದಲಾದವು ಮೈಸೂರಿನ ಮಹಾರಾಜ ಕಾಲೇಜಿಗೆ, ವಿಜ್ಞಾನ ಸೆಂಟ್ರಲ್ ಕಾಲೇಜಿಗೆ ಎಂದು ಪಾಲಾಯಿತು. ಹಾಗೆ ವಿಜ್ಞಾನದ ಪಾಲಿಗೆ ಬಂದ ಮನೆಯಲ್ಲಿಯೇ ಕನ್ನಡದ ಕೆಲಸವೂ ನಡೆದದ್ದು ಒಂದು ಸೋಜಿಗ. ಎ.ಆರ್. ಕೃಷ್ಣಶಾಸ್ತ್ರಿಗಳು ಅಲ್ಲಿ ಕರ್ನಾಟಕ ಸಂಘವನ್ನು ಕಟ್ಟಿದರು. 1919ರಲ್ಲಿ ಆ ಸಂಘದಿಂದ 'ಪ್ರಬುದ್ಧ ಕರ್ಣಾಟಕ' ಹೊರಟಿತು. ತರಗತಿಯಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಪಾಠ ಮುಗಿದ ಮೇಲೆ ಅದೇ ಬೆಂಚುಗಳ ಮೇಲೆ ಕನ್ನಡ. ಮುಂದೆ ಆ ಪತ್ರಿಕೆಯನ್ನು ಮೈಸೂರು ವಿಶ್ವವಿದ್ಯಾನಿಲಯವೇ ವಹಿಸಿಕೊಂಡಿತು. ಬಹುಕಾಲದ ನಂತರ ಜಿ.ಪಿ. ರಾಜರತ್ನಂ ಅವರು ಅದೇ ಕರ್ನಾಟಕ ಸಂಘಕ್ಕೆ ಮತ್ತೆ ಜೀವ ತುಂಬಿ, ವಿದ್ಯಾರ್ಥಿಗಳ ಬರಹಗಳನ್ನು ಅಚ್ಚು ಮಾಡಿಸಿದರು. ಭೂವಿಜ್ಞಾನವನ್ನು ಓದಲು ಬಂದ ಕೆ.ಎಸ್. ನಿಸಾರ್ ಅಹಮದ್ ಅವರಂಥವರು ಕವಿಯಾಗಿ ಹೊರಬಂದದ್ದು ಈ ಅಂಗಳದಿಂದ.

1942ರಲ್ಲಿ ಆ ಕಟ್ಟಡಕ್ಕೆ ಇನ್ನೊಂದು ಕೆಲಸ ಬಂತು. 'ಭಾರತ ಬಿಟ್ಟು ತೊಲಗಿ' ಎಂಬ ಕರೆಗೆ ಓಗೊಟ್ಟು ಹುಡುಗರು ತರಗತಿಗಳಿಂದ ಹೊರಬಿದ್ದರು. ಸೆರೆಮನೆಯೂ ದೂರವಿರಲಿಲ್ಲ. ಭೌತಶಾಸ್ತ್ರದ ಆನರ್ಸ್ ಓದುತ್ತಿದ್ದ ಬಡ ವಿದ್ಯಾರ್ಥಿ ಎಚ್. ನರಸಿಂಹಯ್ಯ ಹಾಗೆ ಓದು ಬಿಟ್ಟು ಸೆರೆಮನೆಗೆ ಹೋದವರಲ್ಲಿ ಒಬ್ಬರು. ಮೂವತ್ತು ವರ್ಷಗಳ ಮೇಲೆ, 1972ರಲ್ಲಿ, ಅವರೇ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ ಬಂದರು. ಆ ಸೆಂಟ್ರಲ್ ಜೈಲು 2008ರಲ್ಲಿ ಸಾರ್ವಜನಿಕರ ಉದ್ಯಾನವಾಯಿತು. ನಾನು ಅದರೊಳಗೆ ಹೋದಾಗ ಮಕ್ಕಳು ಓಡಾಡುತ್ತಿದ್ದರು. ಕಟ್ಟಡಗಳು ತಮ್ಮ ಹಳೆಯ ಕೆಲಸವನ್ನು ಬಿಡುವುದು ಯಾವಾಗಲೂ ದುಃಖದ ಸಂಗತಿಯಲ್ಲ ಎಂದು ಆ ದಿನ ಅನ್ನಿಸಿತು.

ಇನ್ನು ಆಟದ ಮೈದಾನ. ಬೆಂಗಳೂರಿಗೆ ದೊಡ್ಡ ಕ್ರೀಡಾಂಗಣ ಬರುವ ಮೊದಲು ಮೈಸೂರು ತಂಡ ಇಲ್ಲಿ ರಣಜಿ ಪಂದ್ಯಗಳನ್ನು ಆಡುತ್ತಿತ್ತು. ಪಂದ್ಯದ ದಿನ ತಂದೆಯವರು ಮಧ್ಯಾಹ್ನದ ಬುತ್ತಿಯನ್ನು ಬೇಕೆಂದೇ ಮನೆಯಲ್ಲಿ ಮರೆತು ಹೋಗುತ್ತಿದ್ದರು. ಅದನ್ನು ತಲುಪಿಸುವ ನೆಪದಲ್ಲಿ ನಾನು ಹೋಗಿ ಮರದ ನೆರಳಿನಲ್ಲಿ ನಿಂತು ಆಟ ನೋಡಬೇಕು. ಈ ಒಪ್ಪಂದ ನಮ್ಮ ತಾಯಿಗೂ ಗೊತ್ತಿತ್ತು. ಬುತ್ತಿ ಹೊಸಿಲ ಬಳಿ ಸಿದ್ಧವಾಗಿರುತ್ತಿತ್ತು.

1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿದಾಗ ಸೆಂಟ್ರಲ್ ಕಾಲೇಜು ಅದರ ಮಡಿಲಿಗೆ ಬಂತು. ವಿ.ಕೃ. ಗೋಕಾಕರು ಮೊದಲ ಕುಲಪತಿಗಳು. 1970ರ ದಶಕದಲ್ಲಿ ವಿಶ್ವವಿದ್ಯಾನಿಲಯ ನಗರದ ಅಂಚಿನ ಜ್ಞಾನಭಾರತಿಗೆ ಬೆಳೆದು, ವಿಭಾಗಗಳು ಒಂದೊಂದಾಗಿ ಅಲ್ಲಿಗೆ ಹೋಗತೊಡಗಿದವು. 1980ರಲ್ಲಿ ನಾನು ಎಂ.ಎ.ಗೆ ಸೇರಿದ್ದು ಜ್ಞಾನಭಾರತಿಯಲ್ಲಿ. ಜಿ.ಎಸ್. ಶಿವರುದ್ರಪ್ಪನವರು ಕನ್ನಡ ಅಧ್ಯಯನ ಕೇಂದ್ರದ ನಿರ್ದೇಶಕರಾಗಿದ್ದ ಕಾಲ ಅದು. ಹೀಗಾಗಿ ತಂದೆಯವರ ಕಾಲೇಜಿನಲ್ಲಿ ನಾನು ಒಂದು ದಿನವೂ ವಿದ್ಯಾರ್ಥಿಯಾಗಿರಲಿಲ್ಲ. ನಾನು ಪ್ರವೇಶ ಪಡೆದು ಬಂದ ದಿನ ಅವರು ಕೇಳಿದ ಪ್ರಶ್ನೆ ಒಂದೇ: "ಅಲ್ಲಿ ಬಾಗಿಲ ಹತ್ತಿರ ಕೂತುಕೊಳ್ಳೋದಕ್ಕೆ ಜಾಗ ಇದೆಯೇನಪ್ಪ?" ನಾನು ನಕ್ಕು, "ಅಪ್ಪಾ, ನನಗೆ ಬೆಂಚೇ ಇದೆ" ಎಂದೆ. ಅವರು ಕೇಳಿದ್ದು ನನ್ನ ಸಲುವಾಗಿ ಅಲ್ಲವೆಂದು ಆಗ ನನಗೆ ಹೊಳೆಯಲಿಲ್ಲ.

ಈಗ, ಮಾನ್ಯರೇ, ನನ್ನದೇ ಒಂದು ತಪ್ಪನ್ನು ಹೇಳಬೇಕಾಗಿದೆ. ಮೂವತ್ತು ವರ್ಷಗಳಿಂದ ಅದನ್ನು ಯಾರ ಮುಂದೆಯೂ ಹೇಳಿಲ್ಲ.

1990ರ ದಶಕದ ನಡುವೆ ನಾನು ಒಂದು ತಾಲ್ಲೂಕು ಊರಿನ ಕಾಲೇಜಿನಲ್ಲಿ ಅಧ್ಯಾಪಕನಾಗಿದ್ದೆ. ಎದುರಿನ ಹೋಟೆಲಿನಿಂದ ಹನ್ನೊಂದು ಗಂಟೆಗೆ ಕಾಫಿ ತರುವ ಹುಡುಗನೊಬ್ಬನಿದ್ದ. ಹದಿಮೂರೋ ಹದಿನಾಲ್ಕೋ ವಯಸ್ಸು. ಅಧ್ಯಾಪಕರ ಕೋಣೆಗೆ ಕಾಫಿ ಕೊಟ್ಟು, ಖಾಲಿ ಲೋಟಗಳಿಗಾಗಿ ಕಾಯುವ ಹೊತ್ತಿನಲ್ಲಿ, ಅವನು ನನ್ನ ತರಗತಿಯ ಕಿಟಕಿಯ ಬಳಿ ಬಂದು ನಿಲ್ಲುತ್ತಿದ್ದ. ಪಂಪನ ಪದ್ಯವನ್ನು ನಾನು ಗಟ್ಟಿಯಾಗಿ ಓದುವಾಗ ಅವನ ತುಟಿ ಆಡುವುದನ್ನು ನೋಡಿದ್ದೆ. ಎಷ್ಟೋ ವಾರ ಹೀಗೆ ನಡೆಯಿತು. ನಾನು ಕರೆಯಲೂ ಇಲ್ಲ, ಕಳಿಸಲೂ ಇಲ್ಲ.

ಒಂದು ದಿನ ವಿಶ್ವವಿದ್ಯಾನಿಲಯದ ತಪಾಸಣಾ ಸಮಿತಿ ಬರುವುದಿತ್ತು. ಎಲ್ಲವೂ ಅಚ್ಚುಕಟ್ಟಾಗಿರಬೇಕೆಂಬ ಆತಂಕ ನನಗೆ. ಕಿಟಕಿಯಲ್ಲಿ ಹುಡುಗ ತಟ್ಟೆ ಹಿಡಿದು ನಿಂತಿದ್ದ. "ಇದು ತರಗತಿ ಕಣೋ, ಹೋಟೆಲಲ್ಲ. ನಿನಗೇನು ಕೆಲಸ ಇಲ್ಲಿ?" ಎಂದು ಗದರಿಸಿ ಕಿಟಕಿಯ ಬಾಗಿಲನ್ನು ಎಳೆದುಕೊಂಡೆ. ತರಗತಿ ನಕ್ಕಿತು. ಹುಡುಗ ಹೋದ. ಆ ದಿನ ನಾನು ಪಾಠ ಮಾಡುತ್ತಿದ್ದುದು, ತುಂಬಿದ ಸಭೆಯಲ್ಲಿ ವಿದ್ಯೆ ತೋರಿಸಲು ಬಂದ ಕರ್ಣನನ್ನು ನಿನ್ನ ಕುಲ ಯಾವುದೆಂದು ಕೇಳುವ ಭಾಗವನ್ನು. ಕರ್ಣನ ನೋವನ್ನು ವಿವರಿಸುತ್ತ ನನ್ನ ಕಂಠ ತುಂಬಿಬಂದಿತ್ತು. ಸಮಿತಿಯ ಸದಸ್ಯರೊಬ್ಬರು ಪಾಠ ಚೆನ್ನಾಗಿತ್ತೆಂದು ಹೇಳಿಯೂ ಹೇಳಿದರು.

ಮಾಡಿದ್ದೇನೆಂದು ಮನಸ್ಸಿಗೆ ತಾಕಿದ್ದು ಸಂಜೆ, ಮನೆಗೆ ನಡೆದು ಹೋಗುವಾಗ. ಮರುದಿನ ಕಿಟಕಿಯನ್ನು ತೆರೆದಿಟ್ಟೆ. ಹುಡುಗ ಕಾಫಿ ಕೊಟ್ಟು, ಅಂಗಳದ ಆಚೆಗೆ ಹೋಗಿ ನಿಂತು, ಲೋಟ ತೆಗೆದುಕೊಂಡು ಹೋದ. ನಾನು ಹೋಗಿ ಮಾತನಾಡಿಸಬೇಕೆಂದುಕೊಂಡೆ. ಇಂದು ನಾಳೆ ಎನ್ನುವುದರೊಳಗೆ ಅವನು ಊರು ಬಿಟ್ಟಿದ್ದ. ಹೋಟೆಲಿನ ಯಜಮಾನರಿಗೂ ಅವನು ಹೋದ ದಿಕ್ಕು ಗೊತ್ತಿರಲಿಲ್ಲ. ನಮ್ಮ ತಂದೆ ಆಗ ಬದುಕಿದ್ದರು. ರಜೆಗೆ ಮನೆಗೆ ಹೋದಾಗ ಅವರು ಎಂದಿನಂತೆ, "ಪಾಠ ಹೇಗೆ ನಡೀತಿದೆ?" ಎಂದು ಕೇಳಿದರು. "ಚೆನ್ನಾಗಿ ನಡೀತಿದೆ" ಎಂದೆ. 1998ರಲ್ಲಿ ಅವರು ತೀರಿಕೊಂಡರು. ಈ ಸಂಗತಿಯನ್ನು ಅವರಿಗೆ ನಾನು ಹೇಳಲಿಲ್ಲ.

ಮುಂದೆ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆಂದು ನಾನು ಎಷ್ಟೋ ಬಾರಿ ಸೆಂಟ್ರಲ್ ಕಾಲೇಜಿಗೆ ಹೋಗಿದ್ದೇನೆ. ಒಂದು ಸಲ ನನಗೆ ಹೇಳಿದ ಜಾಗ ಒಂದು ಹಳೆಯ ಕೊಠಡಿ. ಎತ್ತರದ ಮಾಡು, ಉದ್ದನೆಯ ಕಿಟಕಿಗಳು. ಗೋಡೆಯುದ್ದಕ್ಕೂ ದಾರ ಕಟ್ಟಿದ ಉತ್ತರಪತ್ರಿಕೆಗಳ ಕಂತೆಗಳು. ನಲವತ್ತು ಮಂದಿ ಅಧ್ಯಾಪಕರು ತಲೆ ಬಗ್ಗಿಸಿ ಅಂಕ ಹಾಕುತ್ತಿದ್ದರು. ಕಿಟಕಿಯ ಮೇಲಂಚಿನಲ್ಲಿ ಪರದೆಯ ಹಳೆಯ ಕೊಕ್ಕೆಗಳು ಹಾಗೆಯೇ ಇದ್ದವು. ಬಾಗಿಲ ಪಕ್ಕದ ನೆಲವನ್ನು ನೋಡಿದೆ. ಅಲ್ಲಿಯೂ ಕಂತೆಗಳು. ಅದೇ ಕೊಠಡಿಯೋ ಅಲ್ಲವೋ, ನಿಶ್ಚಯವಾಗಿ ಹೇಳಲಾರೆ. ಆ ದಿನ ಮಾತ್ರ ನನ್ನ ಪಾಲಿನ ಕಂತೆ ಸಂಜೆಗೆ ಮುಗಿಯಲಿಲ್ಲ.

ಉತ್ತರಪತ್ರಿಕೆ ತಿದ್ದುವುದು ಶಾಲೆಗೆ ತಕ್ಕ ಕೆಲಸವಲ್ಲ ಎಂದು ನಾನು ಹೇಳುವುದಿಲ್ಲ. ನಮ್ಮ ಊರುಗಳಲ್ಲಿ ಶಾಲೆ ಎಲ್ಲಕ್ಕೂ ಒದಗುತ್ತದೆ. ಚುನಾವಣೆ ಬಂದರೆ ಮತಗಟ್ಟೆ, ನೆರೆ ಬಂದರೆ ಆಶ್ರಯ, ಜನಗಣತಿಯ ತರಬೇತಿ, ಲಸಿಕೆ, ಊರಿನ ಸಭೆ ಎಲ್ಲವೂ ಅಲ್ಲಿಯೇ. ಬಾಗಿಲಿರುವ ದೊಡ್ಡ ಮನೆ ಊರಿಗೆ ಅದೊಂದೇ. ಸೆಂಟ್ರಲ್ ಕಾಲೇಜೂ ಶಾಲೆಯಾಗಿ ಹುಟ್ಟಿ ಎಷ್ಟೊಂದು ಕೆಲಸ ಮಾಡಿತು. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ ವಿಭಜನೆಯಾದಾಗ ಆ ಅಂಗಳ ಹೊಸ ವಿಶ್ವವಿದ್ಯಾನಿಲಯವೊಂದರ ನೆಲೆಯಾಯಿತು. ಫಲಕಗಳು ಬದಲಾಗುತ್ತವೆ, ಬದಲಾಗಲಿ. ಹಳೆಯದೆಲ್ಲ ಹಾಗೆಯೇ ಇರಬೇಕೆಂದು ಹಂಬಲಿಸುವ ವಯಸ್ಸು ನನ್ನದಾದರೂ ಆ ಹಂಬಲ ನನಗಿಲ್ಲ.

ನನ್ನನ್ನು ಕಾಡುವ ಪ್ರಶ್ನೆ ಬೇರೆ. ಹೆಸರು ದಾಖಲಾಗದವನೊಬ್ಬ ಬಂದು ಬಾಗಿಲ ಬಳಿ ಕುಳಿತು ಕೇಳುವುದಕ್ಕೆ ಅಲ್ಲಿ ಒಂದು ಸ್ಟೂಲಿನಷ್ಟು ಜಾಗವಿದೆಯೇ? ಅದನ್ನು ಸರ್ಕಾರ ಕೊಡಲಾರದು, ನಿಯಮಾವಳಿಯಲ್ಲಿ ಬರೆಯಲೂ ಆಗದು. ಪಾಠ ಹೇಳುವವನ ಒಂದು ಮಾತಿನಿಂದ ಆ ಜಾಗ ಉಂಟಾಗುತ್ತದೆ, ಅವನ ಒಂದು ಮಾತಿನಿಂದಲೇ ಹೋಗುತ್ತದೆ. ನಮ್ಮ ತಂದೆಗೆ ಒಬ್ಬರು ಅದನ್ನು ಕೊಟ್ಟರು. ಅವರ ಮಗನಾದ ನಾನು, ಅದೇ ಉದ್ಯೋಗದಲ್ಲಿದ್ದು, ಇನ್ನೊಬ್ಬನಿಗೆ ಅದನ್ನು ಇಲ್ಲವಾಗಿಸಿದೆ. ನನ್ನ ಮಾತನ್ನು ಕೇಳುತ್ತಿರುವವರಲ್ಲಿ ಅಧ್ಯಾಪಕರಿದ್ದರೆ, ದಯವಿಟ್ಟು ನಿಮ್ಮ ತರಗತಿಯ ಕಿಟಕಿಯನ್ನು ಒಮ್ಮೆ ನೋಡಿ ಎಂದಷ್ಟೇ ಬೇಡಿಕೊಳ್ಳುತ್ತೇನೆ.

ಅಂದು ನಾನೂ ಮೊಮ್ಮಗಳೂ ಆ ನಿಲ್ದಾಣದಲ್ಲಿಯೇ ಇಳಿದು ಮೇಲೆ ಬಂದೆವು. ಗಡಿಯಾರದ ಗೋಪುರವನ್ನು ತೋರಿಸಿದೆ. ಬೀಗದ ಕೈಗೊಂಚಲಿನ ಕಥೆ, ನಿದ್ದೆ ಬಿಡದ ದೀಪದ ಕಥೆ, ಎರಡು ಹಳದಿ ಗೆರೆಗಳ ಕಥೆ ಎಲ್ಲವನ್ನೂ ಹೇಳಿದೆ. ಅವಳು ಗಮನವಿಟ್ಟು ಕೇಳಿ, "ಮುತ್ತಾತ ಪಾಸಾದರಾ?" ಎಂದಳು.

"ಪರೀಕ್ಷೆಗೆ ಕೂತಿರಲಿಲ್ಲಮ್ಮ."

"ಪರೀಕ್ಷೆ ಇಲ್ಲದಿದ್ದರೆ ಮತ್ತೆ ಯಾಕೆ ಓದಿದರು?"

ಈ ಪ್ರಶ್ನೆಗೆ ನಾನು ಅವಳಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ಮುಂದಿನ ರಜೆಯಲ್ಲಿ ಎಲ್ಲಿಂದಾದರೂ ಒಂದು ಸೋಡಿಯಂ ದೀಪವನ್ನೂ ಆ ಯಂತ್ರವನ್ನೂ ದೊರಕಿಸಿ, ಅವಳ ಕಣ್ಣನ್ನು ಕೊಳವೆಗೆ ಹೊಂದಿಸಿ, ಎಷ್ಟು ಗೆರೆ ಕಾಣುತ್ತದೆಂದು ಕೇಳಬೇಕೆಂದಿದ್ದೇನೆ.



(ಬಾನುಲಿ ಭಾಷಣ)